ಬಿಳಿಯದು ಎಡಕ್ಕೆ

ಆ ಕಚೇರಿಯಲ್ಲಿ ಕೆಲಸ ಮಾಡುವವರ ಕೋಟಿಗೆ ಜೇಬಿಲ್ಲ. ಬೆಳಿಗ್ಗೆ ಬಂದವರು ಬೀಗದ ಕೈ, ಕರವಸ್ತ್ರ, ಫೋನು ಎಲ್ಲವನ್ನೂ ಬಾಗಿಲ ಬಳಿಯ ಖಾನೆಯಲ್ಲಿಟ್ಟು, ಜೇಬಿಲ್ಲದ ಬಿಳಿ ಕೋಟು ತೊಟ್ಟು ಒಳಗೆ ಹೋಗಬೇಕು. ಸಂಜೆ ಹೊರಡುವಾಗ ಪ್ಯಾಂಟಿನ ಮಡಿಕೆ ಬಿಚ್ಚಿ ಕೊಡವಬೇಕು. ಕಸ ಗುಡಿಸುವಾಕೆ ಧೂಳನ್ನು ಜರಡಿ ಹಿಡಿದ ಮೇಲೆಯೇ ಬುಟ್ಟಿಗೆ ಸುರಿಯಬೇಕು. ಸೀನು ಬಂದರೆ ಎದ್ದು ಕಾರಿಡಾರಿಗೆ ಹೋಗಿ ಸೀನಬೇಕು, ಏಕೆಂದರೆ ಮೇಜಿನ ಮೇಲಿರುವ ಕಲ್ಲುಗಳು ಉಸಿರಿಗೂ ಹಾರುವಷ್ಟು ಸಣ್ಣವು. ಇಂಥ ನಿಯಮಗಳ ನಡುವೆ ಮೂವತ್ತೊಂದು ವರ್ಷ ಕಳೆದ ಮನುಷ್ಯ ಮನೆಯಲ್ಲೂ ಊಟದ ನಡುವೆ ಎದ್ದು ಹೊರಗೆ ಹೋಗಿ ಸೀನಿ ಬರುತ್ತಾರೆ ಎಂದರೆ ಅದನ್ನು ಶಿಷ್ಟಾಚಾರ ಎನ್ನಬೇಕಾಗಿಲ್ಲ. ಅಭ್ಯಾಸ, ಅಷ್ಟೆ.

ಓಣಿಯವರು ಅವರನ್ನು ಭೂತಗನ್ನಡಿ ಎನ್ನುತ್ತಾರೆ. ಎದುರಿಗೆ ಸಿಕ್ಕಾಗ ಮರ್ಯಾದೆಗೆ 'ಯವರು' ಸೇರಿಸುತ್ತಾರೆ. ಕೆಲಸ ವಜ್ರ ವಿಂಗಡಿಸುವುದು. ಕಚೇರಿ ಮೂರನೇ ಮಹಡಿಯಲ್ಲಿದೆ. ಕೆಳಗೆ ಸ್ನಾನದ ಮನೆಯ ನಲ್ಲಿಗಳನ್ನು ಮಾರುವ ಅಂಗಡಿ. ಆಭರಣದ ಅಂಗಡಿಯವರು ಉಂಗುರಕ್ಕೆ ಕೂರಿಸುವ ಮೊದಲು ಕಲ್ಲುಗಳನ್ನು ಪೊಟ್ಟಣ ಕಟ್ಟಿ ಇಲ್ಲಿಗೆ ಕಳಿಸುತ್ತಾರೆ. ಬಣ್ಣ ಎಂಥದ್ದು, ಒಳಗೆ ಚುಕ್ಕೆಯಿದೆಯೇ, ನೆಲದಿಂದ ಅಗೆದು ತೆಗೆದದ್ದೇ ಅಥವಾ ಲ್ಯಾಬಿನಲ್ಲಿ ಬೆಳೆಸಿದ್ದೇ ಎಂಬುದನ್ನು ಇಲ್ಲಿ ಬರೆದುಕೊಡುತ್ತಾರೆ.

ಬಣ್ಣದ ವಿಷಯದಲ್ಲಿ ಭೂತಗನ್ನಡಿಯವರ ಕಣ್ಣು ನಿಜಕ್ಕೂ ದೊಡ್ಡದು. ಮಡಿಸಿದ ಬಿಳಿ ಕಾಗದದ ಮೇಲೆ ಕಲ್ಲುಗಳನ್ನು ಸುರಿದುಕೊಂಡು, ಚಿಮುಟದ ತುದಿಯಿಂದ ಒಂದೊಂದಾಗಿ ಸರಿಸಿ ಸಾಲು ಹಿಡಿಸುತ್ತಾರೆ. ಅಚ್ಚ ಬಿಳಿಯದು ಎಡತುದಿಗೆ, ಹಳದಿ ಛಾಯೆ ಹೆಚ್ಚಿದಂತೆಲ್ಲ ಬಲಕ್ಕೆ. ಬೇರೆಯವರಿಗೆ ಎಲ್ಲವೂ ಒಂದೇ ನೀರಿನ ಹನಿಗಳ ಹಾಗೆ ಕಾಣುವ ಸಾಲಿನಲ್ಲಿ ಅವರು ಹತ್ತು ಬಿಳಿಗಳನ್ನು ಬೇರೆ ಬೇರೆಯಾಗಿ ಕಾಣಬಲ್ಲರು. ಈ ಕೆಲಸವನ್ನು ಅವರ ಕೈ ತಲೆಯನ್ನು ಕೇಳದೆ ಮಾಡುತ್ತದೆ. ಮನೆಯ ಬಟ್ಟೆಹಗ್ಗದ ಮೇಲೆ ಬಿಳಿ ಅಂಗಿ ಎಡಕ್ಕೆ, ಹಳತಾಗಿ ಮಾಸಿದ್ದು ಬಲಕ್ಕೆ. ಕಪಾಟಿನಲ್ಲಿ ಬಟ್ಟಲುಗಳೂ ಹಾಗೆಯೇ. ಒಮ್ಮೆ ಸಾವಿನ ಮನೆಗೆ ಮಾತಾಡಿಸಲು ಹೋದವರು ಮೇಜಿನ ಮೇಲಿದ್ದ ಬಿಳಿ ಹೂಗಳನ್ನು ಬಣ್ಣದ ಪ್ರಕಾರ ಜೋಡಿಸತೊಡಗಿ, ಹೆಂಡತಿ ಮೊಣಕೈಯಿಂದ ತಿವಿದ ಮೇಲೆ ನಿಲ್ಲಿಸಿದ್ದರು. ಅಷ್ಟರಲ್ಲಿ ಅರ್ಧ ಸಾಲು ಮುಗಿದಿತ್ತು.

ಆದರೆ ಓಣಿಯಲ್ಲಿ ಅವರು ಹೆಸರುವಾಸಿಯಾದದ್ದು ಬಣ್ಣಕ್ಕಲ್ಲ. ಗಣಿಯ ವಜ್ರ ಯಾವುದು, ಲ್ಯಾಬಿನದು ಯಾವುದು ಎಂದು ನೋಡಿದ ಕೂಡಲೇ ಹೇಳುತ್ತಾರೆ ಎಂಬುದಕ್ಕೆ. ಅದು ಅವರಿಂದ ಆಗುವುದಿಲ್ಲ. ಯಾರಿಂದಲೂ ಆಗುವುದಿಲ್ಲ. ಎರಡೂ ಒಂದೇ ಇಂಗಾಲ, ಒಂದೇ ಗಟ್ಟಿತನ, ಒಂದೇ ಹೊಳಪು. ಕಚೇರಿಯಲ್ಲಿ ಅದಕ್ಕೆಂದೇ ಬ್ರೆಡ್ಡಿನ ಡಬ್ಬಿಯಷ್ಟು ದೊಡ್ಡ ಯಂತ್ರವಿದೆ. ಕಲ್ಲನ್ನು ಅದರ ಬಾಯಿಗಿಟ್ಟರೆ ಗಣಿಯದಕ್ಕೆ ಹಸಿರು ದೀಪ, ಲ್ಯಾಬಿನದಕ್ಕೆ ಕೆಂಪು ದೀಪ. ಕಚೇರಿಯ ಒಳಗಿರುವವರಿಗೆಲ್ಲ ಇದು ಗೊತ್ತು. ಹೊರಗಿನವರಿಗೆ ಗೊತ್ತಿಲ್ಲದಿರುವುದಕ್ಕೆ ಐದು ವರ್ಷದ ಹಿಂದಿನ ಒಂದು ಸಂಜೆ ಕಾರಣ.

ಅಂದು ಮೇಲಿನ ಮನೆಯ ಪೋಸ್ಟ್‌ಮಾಸ್ಟರರ ಹೆಂಡತಿ ಹೊಸ ಉಂಗುರ ತೋರಿಸಲು ಬಂದಿದ್ದರು. ಇವರು ಜೇಬಿನಿಂದ ಭೂತಗನ್ನಡಿ ತೆಗೆದು ಕಲ್ಲಿನ ಅಂಚು ನೋಡಿದರು. ಅಂಚಿನ ಮೇಲೆ ಕೂದಲೆಳೆಗಿಂತ ಸಣ್ಣ ಅಕ್ಷರಗಳಲ್ಲಿ ಲ್ಯಾಬಿನ ಗುರುತು, ಸಂಖ್ಯೆ ಕೊರೆದಿತ್ತು. ಹಾಗೆ ಕೊರೆಯುವುದು ಅನೇಕ ತಯಾರಕರ ರೂಢಿ. ಅವರು ಓದಿದರು, "ಇದು ಲ್ಯಾಬಿನಲ್ಲಿ ಬೆಳೆಸಿದ್ದು" ಎಂದರು. ಆಕೆ ಬೆಳ್ಳಗಾದರು, ಹಿಂದೆಯೇ ಇಳಿದು ಬಂದಿದ್ದ ಪೋಸ್ಟ್‌ಮಾಸ್ಟರರು ಗಣಿಯದೆಂದು ಸುಳ್ಳು ಹೇಳಿದ್ದನ್ನು ಮೆಟ್ಟಿಲ ಮೇಲೆಯೇ ಒಪ್ಪಿಕೊಂಡರು. ಅಕ್ಷರದ ವಿಷಯ ಹೇಳಬೇಕೆಂದು ಬಾಯಿ ತೆರೆದ ಭೂತಗನ್ನಡಿಯವರು ಪಕ್ಕದಲ್ಲಿ ನಿಂತಿದ್ದ ಹೆಂಡತಿಯ ಮುಖ ನೋಡಿದರು. ಅಂಥ ಹೆಮ್ಮೆಯನ್ನು ಆ ಮುಖದ ಮೇಲೆ ಅವರು ಮದುವೆಯಾದ ದಿನವೂ ಕಂಡಿರಲಿಲ್ಲ. ತೆರೆದ ಬಾಯಿ ಮುಚ್ಚಿದರು.

ಅಲ್ಲಿಂದ ಭಾನುವಾರಗಳಂದು ಉಂಗುರಗಳು ಬರತೊಡಗಿದವು. ಅಕ್ಷರ ಕಂಡರೆ ಲ್ಯಾಬಿನದು ಎನ್ನುವರು. ಕಾಣದಿದ್ದರೆ ಗಣಿಯದು ಎಂದು ಹಿಂದಿರುಗಿಸುವರು. ಗಣಿಯದು ಎಂದಾಗ ಇನ್ನೊಬ್ಬರನ್ನು ಕೇಳೋಣ ಎಂದವರು ಇದುವರೆಗೆ ಯಾರೂ ಇಲ್ಲ.

ಇಷ್ಟರಲ್ಲಿ ಮಗಳ ಮದುವೆ ಗೊತ್ತಾಯಿತು.

ಮಗಳಿಗೆ ಇಪ್ಪತ್ತೇಳು. ಹಲ್ಲು ಕಟ್ಟುವ ಲ್ಯಾಬಿನಲ್ಲಿ ಕೆಲಸ. ದಂತವೈದ್ಯರು ಕಳಿಸುವ ಅಚ್ಚುಗಳನ್ನು ಮುಂದಿಟ್ಟುಕೊಂಡು ಪಿಂಗಾಣಿಯ ಹಲ್ಲು ಮಾಡಿ, ಪಕ್ಕದ ನಿಜವಾದ ಹಲ್ಲಿನ ಬಣ್ಣಕ್ಕೆ ಹೊಂದಿಸುವುದು ಅವಳ ಪಾಲಿನ ಕೆಲಸ. ಹುಡುಗ ಲಿಫ್ಟ್ ರಿಪೇರಿ ಮಾಡುವವನು. ಉಂಗುರದ ಕಲ್ಲು ಯಾವುದಿರಲಿ ಎಂದು ಕೇಳಿದಾಗ ಅವನು "ಯಾವುದಾದರೂ ಸರಿ" ಎಂದ. ಅದನ್ನು ಅಮ್ಮನೂ ಮಗಳೂ ತಂತಮ್ಮ ಪಕ್ಷದ ಮತವೆಂದು ಲೆಕ್ಕಕ್ಕೆ ಹಿಡಿದರು.

"ಲ್ಯಾಬಿನದೇ ಸಾಕು ನಂಗೆ," ಎಂದಳು ಮಗಳು ಭಾನುವಾರದ ಊಟಕ್ಕೆ ಕೂತಾಗ. "ಅದೇ ಕಲ್ಲು, ಅದೇ ಗಟ್ಟಿ. ಅದಕ್ಕೋಸ್ಕರ ನೆಲ ಯಾಕೆ ಅಗೀಬೇಕು?"

"ಸಾಕು ಅನ್ನೋ ಮಾತು ಸೋಪಿಗೆ ಸರಿ. ಉಂಗುರಕ್ಕಲ್ಲ," ಎಂದರು ಅಮ್ಮ. ಅವರು ಮನೆಯಲ್ಲೇ ಬಟ್ಟೆ ಹೊಲಿಯುವವರು. ಮಾತನ್ನೂ ಅಳತೆಗೆ ಸರಿಯಾಗಿ ಕತ್ತರಿಸುತ್ತಾರೆ.

"ನಾನು ದಿನಾ ಹಲ್ಲು ಮಾಡ್ತೀನಲ್ಲಮ್ಮ. ಮಾವ ನಾಲ್ಕು ವರ್ಷದಿಂದ ಅಗೀತಿರೋದು ನಾನು ಮಾಡಿದ ಹಲ್ಲಲ್ಲೇ. ನಕಲಿ ಅಂತ ಒಂದು ದಿನ ಉಗಿದಿದ್ದಾರಾ?"

"ನನ್ನ ಹಲ್ಲನ್ನ ಈ ಮಾತಿಗೆ ಎಳೀಬೇಡ," ಎಂದರು ಎದುರಿಗೆ ಕೂತಿದ್ದ ಸೋದರಮಾವ. ಅವರು ಅಮ್ಮನ ಅಣ್ಣ, ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಹತ್ತೊಂಬತ್ತು ವರ್ಷದಿಂದ ಪ್ರತಿ ಭಾನುವಾರ ಈ ಮನೆಯಲ್ಲೇ ಊಟ. ಭೂತಗನ್ನಡಿಯವರು ಅವರನ್ನು ಭಾವ ಎನ್ನುತ್ತಾರೆ, ಅವರೂ ಇವರನ್ನು ಭಾವ ಎನ್ನುತ್ತಾರೆ. ಗೊಂದಲ ಬೇಡವೆಂದು ಓಣಿಯವರು ಆತನನ್ನು ಟಿಕೆಟ್ ಭಾವ ಎಂದು ಕರೆದು ವಿಷಯ ಮುಗಿಸಿದ್ದಾರೆ.

"ಹಲ್ಲು ಬಾಯಿ ಒಳಗಿರುತ್ತೆ, ಯಾರು ನೋಡ್ತಾರೆ?" ಎಂದರು ಅಮ್ಮ. "ಈ ಮನೇಲಿ ನಿಮ್ಮಪ್ಪ ಇದ್ದಾರೆ. ನೀನು ಕೈ ನೀಡಿದ್ರೆ ಸಾಕು, ಅವರಿಗೆ ಗೊತ್ತಾಗಿಬಿಡುತ್ತೆ. ಬಂದು ಹೋದಾಗಲೆಲ್ಲ ಅದು ಅವರ ಕಣ್ಣಿಗೆ ಚುಚ್ತಾ ಇರಬೇಕಾ?"

ಭೂತಗನ್ನಡಿಯವರು ಬಾಯಲ್ಲಿದ್ದ ತುತ್ತನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಅಗಿದರು.

"ಅಪ್ಪ, ನಿಜವಾಗ್ಲೂ ಬರಿಗಣ್ಣಿಗೆ ಗೊತ್ತಾಗುತ್ತಾ?"

"ಅವರನ್ನೇನು ಕೇಳ್ತೀಯ? ಓಣಿನ ಕೇಳು," ಎಂದರು ಅಮ್ಮ.

"ಬೆಳಕು ಚೆನ್ನಾಗಿರಬೇಕು," ಎಂದರು ಭೂತಗನ್ನಡಿಯವರು. ಇದು ಯಾವುದರ ಬಗ್ಗೆಯಾದರೂ ಹೇಳಬಹುದಾದ ಮಾತು. ಆದರೆ ಅಲ್ಲಿ ಅದನ್ನು ಒಪ್ಪಿಗೆಯೆಂದು ದಾಖಲಿಸಿಕೊಂಡರು.

"ಹಾಗಾದ್ರೆ ಮುಂದಿನ ಭಾನುವಾರ ಪರೀಕ್ಷೆ," ಎಂದಳು ಮಗಳು. "ಗಣಿಯದೊಂದು, ಲ್ಯಾಬಿನದೊಂದು. ಒಂದೇ ತೂಕ. ಲ್ಯಾಬಿನದರ ಮೇಲೆ ಏನೋ ಅಕ್ಷರ ಕೊರೆದಿರ್ತಾರಂತೆ, ಅದೂ ಇರಬಾರದು. ಭೂತಗನ್ನಡಿ ಮುಟ್ಟೋ ಹಾಗಿಲ್ಲ. ಅಪ್ಪ ಸರಿಯಾಗಿ ಹೇಳಿದ್ರೆ ಅಮ್ಮ ಹೇಳಿದ್ದೇ ಹಾಕ್ಕೋತೀನಿ. ತಪ್ಪು ಹೇಳಿದ್ರೆ ನಾನು ಹೇಳಿದ್ದು."

"ಹಾಕ್ಕೊಳ್ಳೋಕೆ ರೆಡಿಯಾಗಿರು," ಎಂದರು ಅಮ್ಮ.

"ಪಂಚ ಯಾರು?" ಎಂದು ಕೇಳಿದ ಟಿಕೆಟ್ ಭಾವ, ಉತ್ತರಕ್ಕೆ ಕಾಯದೆ ಜೇಬಿನಿಂದ ಪುಸ್ತಕ ತೆಗೆದು ದಿನಾಂಕ ಬರೆದುಕೊಂಡರು.

ಮಗಳ ಬೆರಳಿಗೆ ಯಾವ ಕಲ್ಲು ಬಂದರೂ ಭೂತಗನ್ನಡಿಯವರಿಗೆ ಅಡ್ಡಿಯಿರಲಿಲ್ಲ. ಅವರಿಗಿದ್ದದ್ದು ಒಂದೇ ಚಿಂತೆ: ಬರುವ ಭಾನುವಾರ, ಹಾಡಹಗಲು, ಐದು ವರ್ಷದಿಂದ ತಮ್ಮನ್ನು ಹೆಮ್ಮೆಯಿಂದ ನೋಡುತ್ತಿರುವ ಹೆಂಡತಿಯ ಎದುರಿಗೆ ತಮಗೆ ಏನೂ ಗೊತ್ತಾಗುವುದಿಲ್ಲ ಎಂಬುದು ಗೊತ್ತಾಗಿಬಿಡುತ್ತದೆ.

ಶನಿವಾರ ಕಚೇರಿಯ ಒಡತಿಯ ಬಳಿ ಹೋಗಿ ಎರಡು ಸಣ್ಣ ಕಲ್ಲು ಸೋಮವಾರದ ತನಕ ಬೇಕೆಂದು ಕೇಳಿದರು. ಆಕೆ ಚೀಟಿಗೆ ಸಹಿ ಹಾಕುತ್ತ, "ಮನೇಲಿ ಇನ್ನೂ ಹೇಳಿಲ್ವಾ?" ಎಂದರು.

"ಸಂದರ್ಭ ಕೂಡಿಬಂದಿಲ್ಲ ಮೇಡಂ."

"ಐದು ವರ್ಷದಿಂದ?"

ಅವರು ಚೀಟಿ ತೆಗೆದುಕೊಂಡು ಕಿಟಕಿಯ ಬಳಿಯ ಮೇಜಿಗೆ ಹೋದರು. ಉಪಾಯ ಆಗಲೇ ಹೊಳೆದಿತ್ತು. ಗಣಿಯದೋ ಲ್ಯಾಬಿನದೋ ಗೊತ್ತಾಗುವುದಿಲ್ಲ, ನಿಜ. ಬಣ್ಣವಂತೂ ಗೊತ್ತಾಗುತ್ತದೆ. ಗಣಿಯ ಕಲ್ಲುಗಳಲ್ಲಿ ತುಸುವೇ ಹಳದಿಗೆ ತಿರುಗಿದ್ದೊಂದನ್ನು ಆರಿಸಿದರು. ಲ್ಯಾಬಿನವುಗಳಲ್ಲಿ ಅಕ್ಷರವಿಲ್ಲದ, ಅದೇ ತೂಕದ, ಅಚ್ಚ ಬಿಳಿಯದನ್ನು. ಮೇಜಿನ ಮೇಲೆ ಹಳದಿ ಕಂಡರೆ ಅದೇ ಗಣಿಯದು. ಮೂವತ್ತೊಂದು ವರ್ಷದ ಪರಿಶ್ರಮದಿಂದ ಪಡೆದ ಪ್ರಾಮಾಣಿಕ ವಿದ್ಯೆಯನ್ನೇ ಬಳಸಿ ಮೋಸ ಮಾಡಲು ಹೊರಟಿದ್ದರಿಂದ ಅವರಿಗೆ ಅದು ಪೂರ್ತಿ ಮೋಸವೆಂದು ಅನ್ನಿಸಲಿಲ್ಲ. ಎರಡು ಪೊಟ್ಟಣ ಕಟ್ಟಿ, ಒಂದರ ಮೇಲೆ 'ಗಣಿ', ಇನ್ನೊಂದರ ಮೇಲೆ 'ಲ್ಯಾಬ್' ಎಂದು ಬರೆದರು.

ಭಾನುವಾರ ಹತ್ತು ಗಂಟೆಗೆ ಅಡುಗೆಮನೆಯ ಮೇಜನ್ನು ಕಿಟಕಿಯ ಹತ್ತಿರ ಎಳೆದರು. ಟಿಕೆಟ್ ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಮೇಜಿನ ಮೇಲೆ ಎರಡು ತಟ್ಟೆ ಇಟ್ಟರು: ಎಡಕ್ಕೆ ಕೆಂಪು ಅಂಚಿನದು, ಬಲಕ್ಕೆ ನೀಲಿ ಅಂಚಿನದು.

"ಕೆಂಪು ತಟ್ಟೆಗೆ ಗಣಿ, ನೀಲಿ ತಟ್ಟೆಗೆ ಲ್ಯಾಬ್. ಭಾವ, ನೀವೇ ಇಡಿ. ನನ್ನ ಬೆರಳು ದಪ್ಪ. ಆಮೇಲೆ ನೀವು ಹೊರಗೆ ಹೋಗ್ತೀರ. ನಾನು ಅವನ್ನ ಈ ಎರಡು ಕಾಗದದ ಚೂರಿಗೆ ಸಾಗಿಸ್ತೀನಿ. ಒಂದು, ಎರಡು ಅಂತ ನಂಬರ್ ಹಾಕಿದೀನಿ. ಯಾವುದು ಎಲ್ಲಿ ಅಂತ ಪುಸ್ತಕದಲ್ಲೂ ಚೀಟಿಯಲ್ಲೂ ಬರೆದು, ಚೀಟೀನ ಲಕೋಟೆಗೆ ಹಾಕಿ ಅಂಟಿಸ್ತೀನಿ. ಆಕ್ಷೇಪಣೆ ಇದ್ಯಾ?"

"ಬೇಗ ಮುಗಿಸಣ್ಣ, ಒಲೆ ಮೇಲೆ ಇಟ್ಟಿದೀನಿ," ಎಂದರು ಅಮ್ಮ.

ಭೂತಗನ್ನಡಿಯವರು ಬಿಳಿ ಕಾಗದ ಹಾಸಿ, ಗಣಿಯ ಪೊಟ್ಟಣ ಎಡಕ್ಕೆ ಬಿಚ್ಚಿದರು, ಲ್ಯಾಬಿನದನ್ನು ಬಲಕ್ಕೆ. ಎರಡನ್ನೂ ಬಟ್ಟೆಯಿಂದ ಒರೆಸಿ ಮತ್ತೆ ಕಾಗದದ ಮೇಲಿಟ್ಟರು. ಆಮೇಲೆ ಚಿಮುಟದಿಂದ ಎಡಗಡೆಯದನ್ನು ಎತ್ತಿ ಎಡಗಡೆಯ ಕೆಂಪು ತಟ್ಟೆಗೆ, ಬಲಗಡೆಯದನ್ನು ಬಲಗಡೆಯ ನೀಲಿ ತಟ್ಟೆಗೆ ಇಟ್ಟರು. "ಎಡಕ್ಕೆ ಗಣಿ," ಎಂದು ಬಾಯಿಬಿಟ್ಟು ಹೇಳಿ ಹೊರಗೆ ಹೋಗಿ, ಬಂದದ್ದಕ್ಕೆ ಇರಲೆಂದು ಒಮ್ಮೆ ಸೀನಿದರು.

ಕರೆದಾಗ ಒಳಗೆ ಬಂದರು. ಒಂದನೇ ನಂಬರಿನ ಕಲ್ಲು ಅಚ್ಚ ಬಿಳಿ. ಎರಡನೆಯದು ತುಸು ಹಳದಿ. ನೋಡಿದ ಕ್ಷಣವೇ ಗೊತ್ತಾಯಿತು. ಆದರೂ ಘನತೆಗೆ ತಕ್ಕಷ್ಟು ಹೊತ್ತು ಬಗ್ಗಿ ನೋಡಿದರು, ಒಂದು ಕಣ್ಣು ಮುಚ್ಚಿದರು, ಇನ್ನೊಂದನ್ನು ಮುಚ್ಚಿದರು.

"ಎರಡನೇದು ಗಣಿಯದು."

ಅಮ್ಮ ಆಗಲೇ ಮಗಳ ಕಡೆ ತಿರುಗಿ ನಗುತ್ತಿದ್ದರು. ಟಿಕೆಟ್ ಭಾವ ಲಕೋಟೆ ಹರಿದು, ಕನ್ನಡಕ ಸರಿಮಾಡಿಕೊಂಡು, ನಿಲ್ದಾಣದ ಹೆಸರು ಕೂಗುವ ದನಿಯಲ್ಲಿ ಓದಿದರು: "ಒಂದು, ಗಣಿ. ಎರಡು, ಲ್ಯಾಬ್."

ಒಲೆಯ ಮೇಲಿದ್ದದ್ದು ಉಕ್ಕಿತು. ಯಾರೂ ಏಳಲಿಲ್ಲ.

"ಸರಿಯಾಗಿ ಓದಣ್ಣ."

"ಓದಿದ್ದೇ ಇದು."

"ಹಾಗಾದ್ರೆ ಬರೆದಿದ್ದೇ ತಪ್ಪು."

"ಮೂವತ್ತೆಂಟು ವರ್ಷ ಟಿಕೆಟ್ ನೋಡಿದೀನಿ. ಒಂದು ದಿನ ಒಂದು ನಂಬರ್ ತಪ್ಪು ಬರೆದವನಲ್ಲ."

"ಇವರು ಒಂದು ಕಲ್ಲು ತಪ್ಪು ಹೇಳಿದವರಲ್ಲ."

"ನನ್ನ ಕೈಬರಹ ನೋಡೇ."

"ನಿನ್ನ ಕೈಬರಹ ಚೆನ್ನಾಗೇ ಇದೆ. ತಲೆ ನೆಟ್ಟಗಿಲ್ಲ."

ಟಿಕೆಟ್ ಭಾವ ಎದ್ದರು. ಎರಡು ಕಲ್ಲುಗಳನ್ನೂ 'ಒಂದು', 'ಎರಡು' ಎಂದು ಬರೆದ ಹೊಸ ಪೊಟ್ಟಣಗಳಿಗೆ ಹಾಕಿಸಿ, ಮಡಿಕೆಯ ಮೇಲೆ ತಮ್ಮ ಸಹಿ ಹಾಕಿ, ಭೂತಗನ್ನಡಿಯವರ ಕೈಗೆ ಕೊಟ್ಟು, ಕೊಡೆ ತೆಗೆದುಕೊಂಡು ಹೊರಟರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವರು ಭಾನುವಾರ ಊಟ ಮಾಡದೆ ಆ ಮೆಟ್ಟಿಲಿಳಿದರು. ಅಮ್ಮ ತಡೆಯಲಿಲ್ಲ.

ಭೂತಗನ್ನಡಿಯವರಿಗೆ ಏನಾಯಿತೆಂದು ತಿಳಿಯಲಿಲ್ಲ. ಹಳದಿ ಕಲ್ಲು ಗಣಿಯದು, ಅವರೇ ಆರಿಸಿದ್ದು. ಪುಸ್ತಕದಲ್ಲಿ ತಪ್ಪಿಲ್ಲ, ಭಾವ ಸುಳ್ಳು ಬರೆಯುವ ಮನುಷ್ಯನಲ್ಲ. ಮಧ್ಯಾಹ್ನ ತಾರಸಿಗೆ ಹೋಗಿ ಒಗೆದ ಬಟ್ಟೆ ಒಣಹಾಕತೊಡಗಿದರು. ಮಾಸಲು ಅಂಗಿಯೊಂದನ್ನು ಎಡತುದಿಗೆ ಹಾಕಿ, ಬಿಳಿಯದನ್ನು ಅದರ ಬಲಕ್ಕೆ ಹಾಕಿ, ಮೂರನೆಯದಕ್ಕೆ ಬಗ್ಗಿದರು. ತಲೆಯೆತ್ತಿ ನೋಡಿದಾಗ ಬಿಳಿಯದು ಎಡಕ್ಕಿತ್ತು, ಮಾಸಲಿನದು ಬಲಕ್ಕೆ. ಸರಿಸಿದ್ದು ಯಾವಾಗ ಎಂಬುದು ಅವರಿಗೇ ನೆನಪಿರಲಿಲ್ಲ. ಕೈಯಲ್ಲಿ ಒದ್ದೆ ಅಂಗಿ ಹಿಡಿದುಕೊಂಡೇ ಬೆಳಗಿನ ಮೇಜನ್ನು ನೆನಪಿಸಿಕೊಂಡರು.

ಕಲ್ಲು ಒರೆಸಿ ಮತ್ತೆ ಕಾಗದದ ಮೇಲಿಟ್ಟಾಗ ಕೈ ತನ್ನ ಪಾಡಿಗೆ ತಾನು ಬಿಳಿಯದನ್ನು ಎಡಕ್ಕೆ ತಳ್ಳಿತ್ತು. ಅವರು ಕೆಂಪು ತಟ್ಟೆಗೆ ಗಣಿಯದೆಂದು ಹೇಳಿ ಇಟ್ಟದ್ದು ಲ್ಯಾಬಿನ ಕಲ್ಲನ್ನು. ಭಾವ ಬರೆದದ್ದು ಸರಿ. ಇವರು ಹೇಳಿದ್ದೂ ಸರಿ. ಐದು ವರ್ಷದಲ್ಲಿ ಮೊಟ್ಟಮೊದಲ ಬಾರಿಗೆ ಅಕ್ಷರ ಹುಡುಕದೆ ಗಣಿಯ ವಜ್ರವನ್ನು ಗುರುತಿಸಿದ್ದರು. ಅದೊಂದೇ ಸಲ ತಪ್ಪೆಂದು ದಾಖಲಾಗಿತ್ತು.

ಹಿಂದಿನಿಂದ ಮಗಳು ಬಂದು ಹಗ್ಗ ಹಿಡಿದು ನಿಂತಳು.

"ಹಳದೀದು ಗಣಿಯದು ತಾನೇ ಅಪ್ಪ?"

ಅವರು ತಿರುಗಲಿಲ್ಲ. "ಹಳದಿ ಅಂತ ನಿಂಗೆ ಹೇಗೆ ಗೊತ್ತು?"

"ನಂಗೇನು ಕೆಲಸ ಮತ್ತೆ? ಬೆಳಗಿಂದ ಸಂಜೆ ತನಕ ಬಿಳಿಗೆ ಬಿಳಿ ಹೊಂದಿಸ್ತೀನಿ. ಒಂದು ಜಾಹೀರಾತಿನ ಹಲ್ಲು, ಇನ್ನೊಂದು ಕಾಫಿ ಕುಡಿಯೋರ ಹಲ್ಲು. ನೀವು ಒಳಗೆ ಬಂದವರು ಸೀದಾ ಕಾಫಿ ಹಲ್ಲಿನ ಹತ್ರ ಹೋದ್ರಿ. ಮಾವ ಓದಿದಾಗ ನಿಮ್ಮ ಮುಖ ನೋಡಿದೆ. ತಪ್ಪು ಹೇಳಿದವರ ಮುಖ ಅಲ್ಲ ಅದು, ಚಪ್ಪಲಿ ಕಳ್ಕೊಂಡವರ ಮುಖ."

"ಬಣ್ಣ ನಾನೇ ನೋಡಿ ಆರಿಸಿದ್ದೆ," ಎಂದರು ಅವರು ಅಂಗಿಗೆ ಹೇಳುವ ಹಾಗೆ. "ಒರೆಸುವಾಗ ಕೈ ಬಿಳಿದನ್ನ ಎಡಕ್ಕೆ ಸರಿಸಿಬಿಡ್ತು."

"ಹಾಗಾದ್ರೆ ಗಣಿಯದು, ಲ್ಯಾಬಿನದು ಅಂತ..."

"ಗೊತ್ತಾಗಲ್ಲ."

"ಯಾವತ್ತೂ?"

"ಯಾವತ್ತೂ."

ಮಗಳು ನಗಲಿಲ್ಲ. ಒಂದು ಕ್ಲಿಪ್ಪು ತೆಗೆದು ಅವರ ಕೈಲಿದ್ದ ಅಂಗಿಯನ್ನು ಹಗ್ಗಕ್ಕೆ ಸಿಕ್ಕಿಸಿದಳು. "ಅಮ್ಮಂಗೆ ನೀವೇ ಹೇಳಿ. ನಾನು ಹೇಳಲ್ಲ."

ಹೇಳುವ ಮೊದಲೇ ಅಮ್ಮ ತೀರ್ಮಾನ ಮಾಡಿಯಾಗಿತ್ತು. ಸೋಮವಾರ ಊಟದ ವೇಳೆಗೆ ಎಲ್ಲರೂ ಕಚೇರಿಗೆ ಹೋಗುವುದು, ಯಂತ್ರದ ಬಾಯಿಗೆ ಕಲ್ಲಿಡುವುದು, ಯಾರ ತಲೆ ನೆಟ್ಟಗಿದೆ ಎಂದು ನೋಡಿಬಿಡುವುದು. ಟಿಕೆಟ್ ಭಾವನಿಗೂ ಅದೇ ಬೇಕಿತ್ತು. ಅಣ್ಣ ತಂಗಿ ಫೋನಿನಲ್ಲಿ ಸಮಯ ಗೊತ್ತುಮಾಡಿಕೊಂಡರು, ಬೇರೆ ಮಾತಾಡಲಿಲ್ಲ.

ಕಚೇರಿಯ ಬಾಗಿಲಲ್ಲಿ ಎಲ್ಲರಿಗೂ ಜೇಬಿಲ್ಲದ ಕೋಟು ತೊಡಿಸಿದರು. ಕಾವಲಿನವನು ಟಿಕೆಟ್ ಭಾವನಿಂದ ಪೆನ್ನು, ಕೊಡೆ, ಕನ್ನಡಕದ ಡಬ್ಬಿ ತೆಗೆದಿರಿಸಿಕೊಂಡ. ಪುಸ್ತಕವನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ.

"ಹಲ್ಲು ಕಳಚುತ್ತಾ ಸರ್?" ಎಂದು ಕೇಳಿದ ಕಾವಲಿನವನು. ಕೇಳುವುದು ಅವನ ನಿಯಮ.

"ಕಳಚಲ್ಲ, ನಾನು ಕೂರಿಸಿದ್ದು," ಎಂದಳು ಮಗಳು.

ಒಡತಿ ತಾವೇ ಯಂತ್ರದ ಮುಂದೆ ಕೂತರು. ಟಿಕೆಟ್ ಭಾವ ತಮ್ಮ ಸಹಿಯನ್ನು ಪರಿಶೀಲಿಸಿ ಪೊಟ್ಟಣ ಬಿಚ್ಚಲು ಅನುಮತಿ ಕೊಟ್ಟರು. ಒಂದನೇ ನಂಬರಿಗೆ ಕೆಂಪು ದೀಪ. ಎರಡನೆಯದಕ್ಕೆ ಹಸಿರು.

"ಹಸಿರು ಅಂದ್ರೆ?" ಎಂದರು ಅಮ್ಮ, ಗೊತ್ತಿದ್ದರೂ.

"ಗಣಿ," ಎಂದರು ಒಡತಿ.

ಅಮ್ಮ ಸೆರಗು ಸರಿಮಾಡಿಕೊಂಡರು, ಅಷ್ಟೆ. ಟಿಕೆಟ್ ಭಾವ ಪುಸ್ತಕ ತೆರೆದು ಭಾನುವಾರದ ಪುಟವನ್ನು ನೋಡಿದರು, ಮುಚ್ಚಿದರು, ಮತ್ತೆ ತೆರೆದರು. ಅವರ ಮುಖ ಒಮ್ಮೆಲೇ ಸಣ್ಣದಾಯಿತು.

"ಪೆನ್ನು ಹೊರಗಿದೆ," ಎಂದರು ಮೆಲ್ಲಗೆ. "ಯಾರಾದ್ರೂ ಕೊಡಿ. ತಪ್ಪು ನನ್ನದು ಅಂತ ಬರೀಬೇಕು. ಮದುವೆ ರಿಜಿಸ್ಟರಿಗೆ ಸಾಕ್ಷಿ ಸಹಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ನನ್ನ ಸಹಿಗೆ ಇನ್ನು ಬೆಲೆ ಇಲ್ಲ."

ಅಲ್ಲಿಯ ತನಕ ಭೂತಗನ್ನಡಿಯವರು ಕಿಟಕಿಯ ಕಡೆ ನೋಡುತ್ತಿದ್ದರು. ಸುಮ್ಮನಿದ್ದರೆ ಎಲ್ಲ ಮುಗಿಯುತ್ತಿತ್ತು. ಹೆಂಡತಿಯ ಮುಖದ ಮೇಲೆ ಆ ಹೆಮ್ಮೆ ಇತ್ತು, ಐದು ವರ್ಷದ ಹಿಂದಿನದಕ್ಕಿಂತ ಒಂದು ತೂಕ ಹೆಚ್ಚೇ. ಪೆನ್ನಿಗಾಗಿ ಭಾವ ಚಾಚಿದ ಕೈ ಹಾಗೆಯೇ ಗಾಳಿಯಲ್ಲಿತ್ತು.

"ಭಾವ, ಬರೀಬೇಡಿ," ಎಂದರು. "ನೀವು ಬರೆದಿದ್ದು ಸರಿ. ತಟ್ಟೆಗೆ ಇಡುವಾಗ ನಾನೇ ಅದಲು ಬದಲು ಮಾಡಿದೆ. ಬಿಳಿಯದನ್ನ ಎಡಕ್ಕೆ ಸರಿಸಿಬಿಟ್ಟೆ, ಅಭ್ಯಾಸ. ಇನ್ನೊಂದು ವಿಷಯ. ನಂಗೆ ಗಣಿಯದು ಲ್ಯಾಬಿನದು ಗೊತ್ತಾಗಲ್ಲ. ಬಣ್ಣ ಬೇರೆ ಬೇರೆ ಇರೋದನ್ನ ಆರಿಸಿ ತಂದಿದ್ದೆ. ಮೇಲಿನ ಮನೆಯವರ ಉಂಗುರದಲ್ಲಿ ಅಕ್ಷರ ಇತ್ತು, ಓದಿದೆ. ಎಲ್ಲರದ್ದೂ ಓದಿದ್ದೇ."

ಇಷ್ಟು ಉದ್ದದ ಮಾತನ್ನು ಅವರು ಆ ಕಚೇರಿಯಲ್ಲಿ ಎಂದೂ ಆಡಿರಲಿಲ್ಲ. ಕಸ ಗುಡಿಸುವಾಕೆ ಜರಡಿ ಹಿಡಿದುಕೊಂಡು ನಿಂತುಬಿಟ್ಟಳು.

ಅಮ್ಮ ಗಂಡನನ್ನು ಬಹಳ ಹೊತ್ತು ನೋಡಿದರು. ಕಣ್ಣಲ್ಲಿ ನೀರಾಡಿತು.

"ನಮ್ಮಣ್ಣನ ಮಾನ ಉಳಿಸೋಕೆ ಇಷ್ಟು ದೊಡ್ಡ ಸುಳ್ಳು ಹೇಳ್ತಿದ್ದೀರಲ್ಲ," ಎಂದರು. "ಈ ಕಾಲದಲ್ಲಿ ಯಾರು ಮಾಡ್ತಾರೆ?"

"ಸುಳ್ಳಲ್ಲ ಕಣೇ."

"ಅಮ್ಮ, ನಾನು ಹೇಳ್ತೀನಿ ಕೇಳಿ," ಎಂದರು ಒಡತಿ. "ಬರಿಗಣ್ಣಿಗೆ ಇದು ಯಾರಿಗೂ ಗೊತ್ತಾಗಲ್ಲ."

"ಎಲ್ಲರಿಗೂ ಗೊತ್ತಾಗುತ್ತೆ ಅಂತ ನಾನೂ ಹೇಳಲಿಲ್ಲವಲ್ಲ. ಇವರಿಗೆ ಗೊತ್ತಾಗುತ್ತೆ ಅಂದೆ."

ಒಡತಿಗೆ ಇದು ಕಚೇರಿಯ ಮರ್ಯಾದೆಯ ಪ್ರಶ್ನೆಯಾಗಿ ಕಂಡಿತು. ಒಂದೇ ಬಣ್ಣದ, ಒಂದೇ ತೂಕದ, ಅಕ್ಷರವಿಲ್ಲದ ಎರಡು ಕಲ್ಲು ತರಿಸಿ, ಭೂತಗನ್ನಡಿಯವರ ಮುಂದಿಟ್ಟು, "ಹೇಳಿ" ಎಂದರು.

"ಗೊತ್ತಾಗಲ್ಲ ಮೇಡಂ."

"ಬಾಯಿಗೆ ಬಂದಿದ್ದು ಹೇಳಿ. ತಪ್ಪಾಗಲಿ, ಅವರೂ ನೋಡಲಿ."

"ಇದು ಗಣಿಯದು," ಎಂದು ಒಂದನ್ನು ತೋರಿಸಿದರು. ಹಸಿರು ದೀಪ ಹತ್ತಿತು.

ಇನ್ನೊಂದು ಜೋಡಿ ತಂದರು. ಅವರು ಕಣ್ಣು ಮುಚ್ಚಿ ಬೆರಳಿಟ್ಟರು. ಹಸಿರು. ಮೂರನೇ ಜೋಡಿಗೆ ಅವರು ಬೇಕೆಂದೇ ಮೊದಲು ಅಂದುಕೊಂಡದ್ದನ್ನು ಬಿಟ್ಟು ಇನ್ನೊಂದನ್ನು ತೋರಿಸಿದರು. ಅದಕ್ಕೂ ಹಸಿರು. ಒಡತಿ ಯಂತ್ರದ ತಂತಿ ಕಿತ್ತು ಮತ್ತೆ ಸಿಕ್ಕಿಸಿದರು. ನಾಲ್ಕನೆಯದಕ್ಕೂ ಹಸಿರು ಬಂದಾಗ ಪಕ್ಕದ ಮೇಜಿನ ಹಿರಿಯ ವಿಂಗಡಣೆಯವರು ಎದ್ದು ಬಂದು, ಏನನ್ನೂ ಕೇಳದೆ, ಭೂತಗನ್ನಡಿಯವರ ಕಣ್ಣುಗಳನ್ನೇ ಹತ್ತಿರದಿಂದ ನೋಡತೊಡಗಿದರು.

ಐದನೇ ಜೋಡಿಗೆ ಕೆಂಪು ಬಿತ್ತು.

"ನೋಡಿದ್ರಾ?" ಎಂದರು ಭೂತಗನ್ನಡಿಯವರು, ಗೆದ್ದವರ ದನಿಯಲ್ಲಿ.

"ನೋಡಿದೆ," ಎಂದರು ಅಮ್ಮ. "ಬೇಕೂಂತಲೇ ತಪ್ಪು ಹೇಳಿದ್ರಿ."

ಟಿಕೆಟ್ ಭಾವನ ಕೈಗೆ ಅಷ್ಟರಲ್ಲಿ ಯಾರೋ ಪೆನ್ನು ಕೊಟ್ಟಿದ್ದರು. ಭೂತಗನ್ನಡಿಯವರ ಮಾತನ್ನು ಅವರು ಒಂದಕ್ಷರ ಬಿಡದೆ ನಂಬಿದ್ದರು. ತಮ್ಮ ಪುಸ್ತಕ ಸರಿಯಾಗಿರಬೇಕಾದರೆ ಬೇರೆ ದಾರಿಯಿರಲಿಲ್ಲ. ಮುಖಕ್ಕೆ ಮೊದಲಿನ ಗಾತ್ರ ಮರಳಿತ್ತು. ನಿಂತಲ್ಲೇ ಬರೆದು ಓದಿದರು: "ಪರೀಕ್ಷೆಯ ವಸ್ತುಗಳನ್ನು ಅಭ್ಯರ್ಥಿಯೇ ಆರಿಸಿದ್ದರಿಂದಲೂ, ಅಭ್ಯರ್ಥಿಯ ಕೈ ಅಭ್ಯರ್ಥಿಯ ಮಾತು ಕೇಳದೆ ಇದ್ದುದರಿಂದಲೂ ಪರೀಕ್ಷೆ ರದ್ದಾಗಿದೆ. ಉಂಗುರ ಯಾರ ಬೆರಳಿಗೋ ಕಲ್ಲಿನ ಆಯ್ಕೆ ಅವರದು." ಕೆಳಗೆ ಸಹಿ ಹಾಕಿದರು. ಅದಕ್ಕೆ ಮತ್ತೆ ಬೆಲೆ ಬಂದಿತ್ತು. ಅಮ್ಮ ಪುಸ್ತಕವನ್ನು ನೋಡಲಿಲ್ಲ. "ಭಾನುವಾರ ಊಟ ಬಿಟ್ಟು ಹೋದೆ, ಈಗ ಮನೆಗೆ ಬಾ," ಎಂದಷ್ಟೇ ಅಣ್ಣನಿಗೆ ಹೇಳಿದರು.

ಮಗಳು ಲ್ಯಾಬಿನದನ್ನೇ ಆರಿಸಿದಳು. ಆದರೆ ಒಡತಿ ತಂದು ತೋರಿಸಿದ ಅಚ್ಚ ಬಿಳಿಯ ಕಲ್ಲನ್ನು ತಳ್ಳಿಹಾಕಿದಳು.

"ಇಷ್ಟು ಬಿಳಿ ಬೇಡ. ಇಷ್ಟು ಬಿಳಿ ಹಲ್ಲು ಕಟ್ಟಿಸ್ಕೊಂಡೋರನ್ನ ರಸ್ತೆ ಆಚೆಯಿಂದಲೇ ಕಂಡುಹಿಡೀಬಹುದು. ಅಪ್ಪ, ಕಾಫಿ ಹಲ್ಲಿನ ಬಣ್ಣದ್ದು ಇದ್ರೆ ನೋಡಿ. ಅಮ್ಮನ ಉಂಗುರದ ಹಾಗೆ."

ಅಮ್ಮನ ಉಂಗುರ ಮೂವತ್ತು ವರ್ಷದ್ದು. ಕೆಲಸಕ್ಕೆ ಸೇರಿದ ಮರುವರ್ಷ ಇವರು ಕೊಂಡದ್ದು. ಆಗಿನ ಸಂಬಳಕ್ಕೆ ಅಷ್ಟೇ ಬಿಳಿ ಸಿಗುತ್ತಿತ್ತು. ಲ್ಯಾಬಿನಲ್ಲಿ ಬೆಳೆದವುಗಳಲ್ಲಿ ಅದೇ ಛಾಯೆಯದನ್ನು ಹುಡುಕಲು ಮೂರು ಊಟದ ವಿರಾಮಗಳು ಹಿಡಿದವು. ನೂರಾರು ಕಲ್ಲುಗಳನ್ನು ಸಾಲಿಗೆ ಹಚ್ಚಿ, ಬಲತುದಿಯ ಕಡೆಯಿಂದ ಅವರು ಒಂದನ್ನು ಎತ್ತಿಕೊಂಡರು. ಆ ಮೂರೂ ದಿನ ತಮಗೆ ಚೆನ್ನಾಗಿ ಗೊತ್ತಿರುವ ಕೆಲಸವನ್ನಷ್ಟೇ ಮಾಡಿದ್ದರಿಂದ ಅವರು ಸಂಜೆ ಹಗುರಾಗಿ ಮನೆಗೆ ಬರುತ್ತಿದ್ದರು.

ಉಂಗುರ ಬಂದ ಭಾನುವಾರ ಅಮ್ಮ ತಮ್ಮ ಕೈಯನ್ನೂ ಮಗಳ ಕೈಯನ್ನೂ ಕಿಟಕಿಯ ಬೆಳಕಿಗೆ ಒಟ್ಟಿಗೆ ಹಿಡಿದು ನೋಡಿದರು. ಒಮ್ಮೆ ತಮ್ಮದನ್ನು, ಒಮ್ಮೆ ಅವಳದನ್ನು.

"ನನ್ನದರ ಹಾಗೇ ಇದೆ," ಎಂದರು. ಗಂಡನ ಕಡೆ ತಿರುಗಿದರು. ಅವರು ಕಪಾಟಿನ ಬಟ್ಟಲುಗಳನ್ನು ಸರಿಸುತ್ತಿದ್ದರು. ಏನೋ ಕೇಳಬೇಕೆಂದು ತೆರೆದ ಬಾಯಿಯನ್ನು ಅಮ್ಮ ಮುಚ್ಚಿಕೊಂಡರು.

ಆಗಲೇ ಮೇಲಿನ ಮನೆಯ ಪೋಸ್ಟ್‌ಮಾಸ್ಟರರ ಹೆಂಡತಿ ಇಳಿದು ಬಂದರು. ಮಗಳ ಬೆರಳು ಹಿಡಿದು ಅತ್ತ ಇತ್ತ ತಿರುಗಿಸಿ, "ಗಣಿಯದಾ, ಲ್ಯಾಬಿನದಾ?" ಎಂದು ಭೂತಗನ್ನಡಿಯವರನ್ನು ಕೇಳಿದರು.

"ಇವರನ್ನ ಕೇಳಬೇಡಿ," ಎಂದರು ಅಮ್ಮ. "ಇವರಿಗೆ ಗೊತ್ತಾಗಲ್ಲ."

ಟಿಕೆಟ್ ಭಾವ ತಟ್ಟೆಯಿಂದ ತಲೆ ಎತ್ತಿದರು. ಮಗಳು ಅಪ್ಪನನ್ನು ನೋಡಿದಳು. ಪೋಸ್ಟ್‌ಮಾಸ್ಟರರ ಹೆಂಡತಿಯ ಬಾಯಿ ಅರ್ಧ ತೆರೆಯಿತು.

ಅಮ್ಮ ಆಕೆಯ ಕಡೆ ಸ್ವಲ್ಪ ಬಾಗಿ, ಗಂಡನಿಗೆ ಕೇಳಿಸುವಷ್ಟೇ ಮೆಲ್ಲಗೆ, "ಗೊತ್ತಾದ್ರೂ ಹೇಳಲ್ಲ," ಎಂದರು.